ಥಾಮಸ್ ಓಲ್ಡ್‌ಹ್ಯಾಮ್

ಥಾಮಸ್ ಓಲ್ಡ್‌ಹ್ಯಾಮ್ (ಮೇ 4, 1816 – ಜುಲೈ 17, 1878) ಐರ್ಲೆಂಡಿನ ಭೂವಿಜ್ಞಾನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದ ಇವರು ಭಾರತದ ಭೂಕಂಪಗಳ ವಿಸ್ತಾರವಾದ ಕಾಲಾನುಕ್ರಮ ಪಟ್ಟಿಯೊಂದನ್ನು ಸಿದ್ಧಪಡಿಸಿದರು.

ಆರಂಭಿಕ ಜೀವನ

ಓಲ್ಡ್‌ಹ್ಯಾಮ್ ಡಬ್ಲಿನ್‌ನಲ್ಲಿ ಜನಿಸಿದರು. ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಎಡಿನ್‌ಬರೋದಲ್ಲಿ ಎಂಜಿನಿಯರಿಂಗ್ ಮತ್ತು ಭೂವಿಜ್ಞಾನವನ್ನು ಅಭ್ಯಸಿಸಿದರು. 1845ರಲ್ಲಿ ಟ್ರಿನಿಟಿಯಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದರು. ಮರುವರ್ಷ ಐರ್ಲೆಂಡಿನ ಭೂಸರ್ವೇಕ್ಷಣೆಯ ಹೊಣೆ ವಹಿಸಿಕೊಂಡರು. ಬ್ರೇ ಹೆಡ್ ಎಂಬಲ್ಲಿನ ಶಿಲೆಗಳಲ್ಲಿ ಅವರು ಗುರುತಿಸಿದ ಬೀಸಣಿಗೆಯಾಕಾರದ ಪಳೆಯುಳಿಕೆಗೆ ಓಲ್ಡ್‌ಹ್ಯಾಮಿಯ ಎಂದು ಅವರದೇ ಹೆಸರನ್ನಿಡಲಾಗಿದೆ.

ಭಾರತದಲ್ಲಿ ಸೇವೆ

1851ರಲ್ಲಿ ಕಲ್ಕತ್ತೆಗೆ ಬಂದ ಅವರು ಕಾಲು ಶತಮಾನ ಇಲಾಖೆಯನ್ನು ನಡೆಸಿದರು. ಕಲ್ಲಿದ್ದಲು ನಿಕ್ಷೇಪಗಳ ಸಮೀಕ್ಷೆ ಅದರ ಮುಖ್ಯ ಕಾರ್ಯವಾಗಿತ್ತು. ಸಮೀಕ್ಷೆಯ ಫಲಿತಾಂಶಗಳು ಕಡತಗಳಲ್ಲೇ ಉಳಿಯದಂತೆ ಇಲಾಖೆಯ ಪ್ರಕಟಣಾ ಮಾಲೆಗಳನ್ನು ಆರಂಭಿಸಿದರು. 1876ರಲ್ಲಿ ಅನಾರೋಗ್ಯದಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು.

ಭೂಕಂಪಗಳ ದಾಖಲೆ

1869ರ ಜನವರಿ 10ರಂದು ಕಾಚಾರ್ ಪ್ರದೇಶದಲ್ಲಿ ಪ್ರಬಲ ಭೂಕಂಪ ಸಂಭವಿಸಿತು. ಓಲ್ಡ್‌ಹ್ಯಾಮ್ ಸ್ವತಃ ಸ್ಥಳಕ್ಕೆ ಹೋಗಿ, ಕಟ್ಟಡಗಳ ಬಿರುಕುಗಳನ್ನು ಪರಿಶೀಲಿಸಿದರು. ಇದಕ್ಕೆ ರಾಬರ್ಟ್ ಮ್ಯಾಲೆಟ್ ರೂಪಿಸಿದ್ದ ವಿಧಾನ ಆಧಾರವಾಗಿತ್ತು. ಇದರ ಜೊತೆಗೆ, ಪ್ರಾಚೀನ ಕಾಲದಿಂದ 1869ರ ಕೊನೆಯವರೆಗಿನ ಭೂಕಂಪಗಳ ವಿವರಗಳನ್ನು ಹಳೆಯ ಗ್ರಂಥ, ವರದಿಗಳಿಂದ ಸಂಗ್ರಹಿಸಿದರು. 1819ರ ಕಛ್ ಭೂಕಂಪ, 1843ರ ಏಪ್ರಿಲ್ 1ರ ಬಳ್ಳಾರಿ ಸೀಮೆಯ ಭೂಕಂಪ ಇದರಲ್ಲಿ ಸೇರಿವೆ.

ಈ ಕೃತಿಗಳು ಅಚ್ಚಾಗುವ ಮೊದಲೇ ಅವರು ರಗ್ಬಿಯಲ್ಲಿ ನಿಧನರಾದರು. 1879ರಲ್ಲಿ ಅದೇ ಇಲಾಖೆ ಸೇರಿದ ಮಗ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ತಂದೆಯ ಹಸ್ತಪ್ರತಿಗಳನ್ನು ಸಂಪಾದಿಸಿದರು. ಕಾಚಾರ್ ವರದಿ 1882ರಲ್ಲಿಯೂ ಭೂಕಂಪಗಳ ಪಟ್ಟಿ 1883ರಲ್ಲಿಯೂ ಪ್ರಕಟವಾದವು. ಭೂಮಿಗೆ ತಿರುಳು ಇದೆಯೆಂಬುದಕ್ಕೆ 1906ರಲ್ಲಿ ಭೂಕಂಪ ಅಲೆಗಳಿಂದ ಪುರಾವೆ ನೀಡಿದವರು ಇದೇ ರಿಚರ್ಡ್.

ಮಹತ್ವ ಮತ್ತು ಮಿತಿಗಳು

ಉಪಕರಣಗಳಿಲ್ಲದ ಕಾಲದ ಭೂಕಂಪಗಳನ್ನು ತಿಳಿಯಲು ಈ ಪಟ್ಟಿ ಇಂದಿಗೂ ಆಕರವಾಗಿದೆ. ಆದರೆ ಬರೆದಿಡುವವರು ಇದ್ದ ಊರುಗಳ ಕಂಪನಗಳು ಮಾತ್ರ ಇಂಥ ಪಟ್ಟಿಗೆ ಸೇರಲು ಸಾಧ್ಯ. ಆದ್ದರಿಂದ ಒಂದು ಊರಿನ ಹೆಸರು ಇಲ್ಲದಿದ್ದರೆ ಅಲ್ಲಿ ಭೂಮಿ ನಡುಗಿರಲಿಲ್ಲವೆಂದು ತೀರ್ಮಾನಿಸಲಾಗದು. ಆಗ ದೇಶಕ್ಕೆಲ್ಲ ಒಂದೇ ಗಡಿಯಾರದ ಸಮಯ ಇರಲಿಲ್ಲ. ಊರಿನ ಹೆಸರುಗಳ ಇಂಗ್ಲಿಷ್ ಕಾಗುಣಿತವೂ ಏಕರೂಪವಾಗಿರಲಿಲ್ಲ. ಹೀಗಾಗಿ ಇಂದಿನ ಸಂಶೋಧಕರು ಪ್ರತಿ ದಾಖಲೆಯ ದಿನಾಂಕ, ವೇಳೆ, ಸ್ಥಳ ಮತ್ತು ಆಕರಗಳನ್ನು ಒಂದೇ ಕ್ರಮಕ್ಕೆ ತರಬೇಕಾಗುತ್ತದೆ.

ಇದಕ್ಕೆ ಇಂದಿನ ಚಾಮರಾಜನಗರ ಜಿಲ್ಲೆ ಉತ್ತಮ ನಿದರ್ಶನ. ದಕ್ಷಿಣ ಭಾರತವನ್ನು ನಡುಗಿಸಿದ 1900ರ ಫೆಬ್ರುವರಿ 8ರ ಕೊಯಮತ್ತೂರು ಭೂಕಂಪ ಓಲ್ಡ್‌ಹ್ಯಾಮ್ ಪಟ್ಟಿಯ ಅವಧಿಯ ಅನಂತರದ್ದು. ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಆದ್ದರಿಂದ ಈ ನೆರೆಯೂರುಗಳ ಭೂಕಂಪ ಚರಿತ್ರೆಯನ್ನು ಅರಿಯಲು ಎರಡು ಆಡಳಿತಗಳ ದಾಖಲೆಗಳನ್ನೂ ಹೋಲಿಸಿ ನೋಡಬೇಕು.