ಬ್ರ್ಯಾಗ್ ಎಂಬ ಹೆಸರು ಮಗನದು

ಪುಣೆಯಲ್ಲಿ ನನ್ನ ಕೆಲಸ ವಾಹನಗಳ ಬಿಡಿಭಾಗಗಳು ಎಷ್ಟು ಬಾಗುತ್ತವೆ, ಎಷ್ಟು ಅದುರುತ್ತವೆ ಎಂದು ಅಳೆಯುವುದು. ಇದಕ್ಕೆ ಕೂದಲೆಳೆಯಂಥ ಗಾಜಿನ ಆಪ್ಟಿಕಲ್ ಫೈಬರ್ ಅಂಟಿಸುತ್ತೇವೆ. ಅದರೊಳಗಿನ ಸೆನ್ಸರ್‌ಗೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಎಂದು ಹೆಸರು. ಈ ಬ್ರ್ಯಾಗ್ ಯಾರು ಎಂದು ಹೊಸ ಹುಡುಗರು ಕೇಳಿದಾಗ ನಾನು ಹೇಳುವ ಕಥೆ ಇದು.

ವಿಲಿಯಂ ಲಾರೆನ್ಸ್ ಬ್ರ್ಯಾಗ್ ಹುಟ್ಟಿದ್ದು 1890ರಲ್ಲಿ, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ತಂದೆ ವಿಲಿಯಂ ಹೆನ್ರಿ ಅಲ್ಲಿ ಪ್ರಾಧ್ಯಾಪಕರು. ಐದರ ವಯಸ್ಸಿನಲ್ಲಿ ಮೂರು ಚಕ್ರದ ಸೈಕಲ್ಲಿನಿಂದ ಬಿದ್ದು ಹುಡುಗನ ಮೊಣಕೈ ಮುರಿಯಿತು. ಆಗಷ್ಟೇ ಪತ್ತೆಯಾಗಿದ್ದ ಎಕ್ಸ್‌-ರೇ ಬಳಸಿ ತಂದೆಯೇ ಅದರ ಚಿತ್ರ ತೆಗೆದರು. 1909ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು.

1912ರಲ್ಲಿ, 22ರ ಹರೆಯದಲ್ಲಿ, ಕೇಂಬ್ರಿಜ್‌ನಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಹರಳಿನೊಳಗೆ ಪರಮಾಣುಗಳು ಪದರ ಪದರವಾಗಿ ಕೂತಿವೆ. ಪದರಗಳ ಅಂತರಕ್ಕೆ ಹೊಂದುವ ಎಕ್ಸ್‌-ರೇ ಅಲೆಗಳು ಮಾತ್ರ ಒಂದಕ್ಕೊಂದು ಕೂಡಿ ಬಲವಾಗಿ ಹಿಂತಿರುಗುತ್ತವೆ. ಮರಳಿದ ಅಲೆಯನ್ನು ಅಳೆದರೆ ಒಳಗಿನ ಅಂತರ ತಿಳಿಯುತ್ತದೆ. ಇದೇ ಬ್ರ್ಯಾಗ್ ನಿಯಮ. ಮುಂದೆ ಅಪ್ಪ-ಮಗ ಸೇರಿ ದುಡಿದರು. ಆದರೆ ಅಪ್ಪ ಆಗಲೇ ಹೆಸರಾಂತ ವಿಜ್ಞಾನಿ. ಶ್ರೇಯವೆಲ್ಲ ಅವರದೇ ಎಂದು ಜನ ತಿಳಿದರು. ಮಗನ ಪಾಲನ್ನು ಅಪ್ಪ ಎಂದೂ ಮುಚ್ಚಿಡಲಿಲ್ಲ. ಆದರೂ ಆ ನೋವು ಮಗನನ್ನು ಬಹಳ ಕಾಲ ಕಾಡಿತು.

1915ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಗನಿಗೆ ಆಗ 25. ವಿಜ್ಞಾನದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಇನ್ನಾರಿಗೂ ಅದು ಸಿಕ್ಕಿಲ್ಲ. ಸುದ್ದಿ ತಲುಪಿದಾಗ ಅವರು ಯುದ್ಧಭೂಮಿಯಲ್ಲಿ, ಶತ್ರುವಿನ ಫಿರಂಗಿ ಎಲ್ಲಿದೆ ಎಂದು ಅದರ ಸದ್ದಿನಿಂದಲೇ ಪತ್ತೆ ಮಾಡುವ ಕೆಲಸದಲ್ಲಿದ್ದರು. ಕೆಲವೇ ವಾರಗಳ ಹಿಂದೆ ತಮ್ಮ ರಾಬರ್ಟ್ ಗ್ಯಾಲಿಪೊಲಿಯಲ್ಲಿ ತೀರಿಕೊಂಡಿದ್ದ. ಮನೆಗೆ ಆ ಬಹುಮಾನ ಬಂದದ್ದು ಸೂತಕದ ನಡುವೆ.

1938ರಲ್ಲಿ ಅವರು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದ ಮುಖ್ಯಸ್ಥರಾದರು. 1953ರಲ್ಲಿ ವಾಟ್ಸನ್, ಕ್ರಿಕ್ ಡಿಎನ್‌ಎ ರಚನೆ ಬಿಡಿಸಿದ್ದು ಅಲ್ಲೇ. ಮರುವರ್ಷ ಲಂಡನ್‌ಗೆ ಹೋದ ಮೇಲೆ ಅವರಿಗೆ ಕೈತೋಟವಿಲ್ಲದ ಬದುಕು ಬೇಸರ ತಂದಿತು. ತಾವು ಯಾರೆಂದು ಹೇಳದೆ, ಒಬ್ಬರ ಮನೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಮಾಲಿಯಾಗಿ ದುಡಿದರು! ಅತಿಥಿಯೊಬ್ಬರು ಗುರುತು ಹಿಡಿದಾಗಲೇ ಗುಟ್ಟು ರಟ್ಟಾಯಿತು.

ಬ್ರ್ಯಾಗ್ 1971ರಲ್ಲಿ ನಿಧನರಾದರು. ಏಳು ವರ್ಷದ ಬಳಿಕ, 1978ರಲ್ಲಿ, ಕೆನಡಾದಲ್ಲಿ ಕೆನ್ ಹಿಲ್ ಮತ್ತು ಸಂಗಡಿಗರು ಗಾಜಿನ ಫೈಬರ್‌ನೊಳಗೆ ಬೆಳಕಿನಿಂದಲೇ ಸಮಾನ ಅಂತರದ ಪಟ್ಟಿಗಳನ್ನು ಮೂಡಿಸಿದರು. ಹರಳಿನ ಪದರಗಳಂತೆ ಈ ಪಟ್ಟಿಗಳೂ ಒಂದೇ ತರಂಗಾಂತರದ ಬೆಳಕನ್ನು ಹಿಂತಿರುಗಿಸಿ ಉಳಿದದ್ದನ್ನು ಮುಂದೆ ಬಿಡುತ್ತವೆ. ಲೋಹದ ಪಟ್ಟಿ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಅಲ್ಲಿ ಅಂಟಿಸಿದ ಫೈಬರ್ ಕೂಡ ಹಿಗ್ಗುತ್ತದೆ. ಮರಳುವ ಬೆಳಕಿನ ತರಂಗಾಂತರ ಉದ್ದವಾಗುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೂ ಸುಮಾರು 1.2 ಪಿಕೊಮೀಟರ್ ವ್ಯತ್ಯಾಸ ಕಾಣುತ್ತದೆ. ವೇಗೋತ್ಕರ್ಷ ಅಳೆಯಬೇಕೆ? ಪಟ್ಟಿಯ ತುದಿಗೆ ಪುಟ್ಟ ತೂಕ ಕಟ್ಟಿದರಾಯಿತು. ಜರ್ಕ್ ಹೊಡೆದಾಗ ಪಟ್ಟಿ ಬಾಗುತ್ತದೆ, ಉಳಿದದ್ದನ್ನು ಬೆಳಕು ಹೇಳುತ್ತದೆ. ಶಾಖಕ್ಕೂ ಫೈಬರ್ ಹಿಗ್ಗುವುದರಿಂದ, ಆ ಲೆಕ್ಕ ಕಳೆಯಲು ಬಾಗದ ಜಾಗದಲ್ಲಿ ಇನ್ನೊಂದು ಗ್ರೇಟಿಂಗ್ ಇಡುತ್ತೇವೆ.

ಅಪ್ಪನ ನೆರಳಿನಲ್ಲಿ ನೊಂದ ಮಗನ ನಿಯಮ ಇಂದು ಸೇತುವೆ, ವಿಮಾನಗಳಲ್ಲೂ ದುಡಿಯುತ್ತಿದೆ. ಅದಕ್ಕೇ ಹುಡುಗರಿಗೆ ಸೆನ್ಸರ್ ಅಂಟಿಸಲು ಕಲಿಸುವ ಮುನ್ನ ನಾನು ಹೇಳುವುದು ಇಷ್ಟೇ: ಇದು ಅಪ್ಪನಲ್ಲ, ಮಗ ಬ್ರ್ಯಾಗ್.