ಡಾ. ಪೇಟನ್ ರೌಸ್ (1879–1970): ಕ್ಯಾನ್ಸರ್ ಉಂಟುಮಾಡುವ ವೈರಸ್ಸನ್ನು ಗುರುತಿಸಿದ ವಿಜ್ಞಾನಿ

ಚಿಕಿತ್ಸಾ ನೆರವು, ರಕ್ತನಿಧಿ ಹಾಗೂ ಲಸಿಕೆಗೆ ಸಂಬಂಧಿಸಿದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಈ ಸೇವೆಗಳ ಹಿಂದಿರುವ ವಿಜ್ಞಾನದ ಪರಿಚಯವಾಗಲೆಂಬ ಉದ್ದೇಶದಿಂದ ಡಾ. ಪೇಟನ್ ರೌಸ್ ಅವರ ಜೀವನ ವಿವರವನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು 1879ರ ಅಕ್ಟೋಬರ್ 5ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗ ಕೈಗೊಂಡರು. ವಿದ್ಯಾರ್ಥಿಯಾಗಿದ್ದಾಗ ಶವಪರೀಕ್ಷೆಯ ಸಂದರ್ಭದಲ್ಲಿ ಕ್ಷಯಪೀಡಿತ ಮೂಳೆಯೊಂದು ಬೆರಳಿಗೆ ತರಚಿ, ಸೋಂಕು ಕಂಕುಳಿನ ಗ್ರಂಥಿಗೆ ಹರಡಿತು. ಶಸ್ತ್ರಚಿಕಿತ್ಸೆಯ ತರುವಾಯ ಸುಮಾರು ಒಂದು ವರ್ಷ ಟೆಕ್ಸಾಸ್‌ನ ಜಾನುವಾರು ಸಾಕಣೆ ಕೇಂದ್ರದಲ್ಲಿ ದುಡಿದು ಆರೋಗ್ಯ ಸುಧಾರಿಸಿಕೊಂಡು, 1905ರಲ್ಲಿ ಪದವಿ ಪಡೆದರು. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು.

ಅದೇ ವರ್ಷ ಎದೆಯ ಭಾಗದಲ್ಲಿ ದೊಡ್ಡ ಗಂಟಿದ್ದ ಪ್ಲಿಮತ್ ರಾಕ್ ತಳಿಯ ಕೋಳಿಯೊಂದನ್ನು ಅವರ ಪ್ರಯೋಗಾಲಯಕ್ಕೆ ತರಲಾಯಿತು. ರೌಸ್ ಅವರು ಆ ಗಂಟಿನ ಅಂಶವನ್ನು ಅರೆದು, ಜೀವಕೋಶಗಳಾಗಲೀ ಬ್ಯಾಕ್ಟೀರಿಯಾಗಳಾಗಲೀ ಹಾದುಹೋಗಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಸೋಸಿದ ದ್ರವವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಅದೇ ಬಗೆಯ ಕ್ಯಾನ್ಸರ್ ಕಾಣಿಸಿಕೊಂಡಿತು. 1911ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅಂದಿನ ವಿಜ್ಞಾನಲೋಕ ಒಪ್ಪಲಿಲ್ಲ. ಕೋಳಿಯ ರೋಗಕ್ಕೂ ಮನುಷ್ಯನ ಕ್ಯಾನ್ಸರಿಗೂ ಸಂಬಂಧವಿಲ್ಲವೆಂಬುದು ಹಲವರ ವಾದವಾಗಿತ್ತು. ಇಲಿಗಳಲ್ಲಿ ಇಂತಹ ವೈರಸ್ಸನ್ನು ಹುಡುಕಿ ವಿಫಲರಾದ ರೌಸ್ ಅವರು ಕೆಲವೇ ವರ್ಷಗಳಲ್ಲಿ ಆ ವಿಷಯವನ್ನು ಕೈಬಿಟ್ಟರು.

ಪ್ರಥಮ ಮಹಾಯುದ್ಧದ ಕಾಲದಲ್ಲಿ ಇವರು ತಮ್ಮ ಸಹೋದ್ಯೋಗಿ ಟರ್ನರ್ ಅವರೊಡನೆ ಸೇರಿ, ಸಿಟ್ರೇಟ್ ಮತ್ತು ಸಕ್ಕರೆಯ ಅಂಶವುಳ್ಳ ದ್ರಾವಣದಲ್ಲಿ ಕೆಂಪು ರಕ್ತಕಣಗಳನ್ನು ಕೆಲವು ವಾರಗಳ ಕಾಲ ಕೆಡದಂತೆ ಇಡುವ ವಿಧಾನವನ್ನು ರೂಪಿಸಿದರು. ಅದುವರೆಗೆ ದಾನಿಯೂ ರೋಗಿಯೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ, ಒಂದೇ ಸ್ಥಳದಲ್ಲಿ ಇರಬೇಕಾಗುತ್ತಿತ್ತು. 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ವೈದ್ಯರು ಈ ವಿಧಾನದಿಂದ ಯುದ್ಧಭೂಮಿಯ ಸಮೀಪ ರಕ್ತದ ದಾಸ್ತಾನು ಏರ್ಪಡಿಸಿದರು. ಇಂದಿನ ರಕ್ತನಿಧಿಗಳ ಮೂಲ ಇಲ್ಲಿದೆ. ರೌಸ್ ಅವರ ಹೆಸರು ಕೇವಲ ಇದೊಂದರಿಂದಲೇ ಉಳಿಯಬಹುದಾಗಿತ್ತು.

1933ರಲ್ಲಿ ರಿಚರ್ಡ್ ಶೋಪ್ ಅವರು ಕಾಡುಮೊಲಗಳಲ್ಲಿ ನರಹುಲಿ ಉಂಟುಮಾಡುವ ಪ್ಯಾಪಿಲೋಮಾ ವೈರಸ್ಸನ್ನು ಪತ್ತೆಹಚ್ಚಿ, ಮುಂದಿನ ಅಧ್ಯಯನವನ್ನು ರೌಸ್ ಅವರಿಗೆ ವಹಿಸಿದರು. ಆ ನರಹುಲಿಗಳು ಸಾಕುಮೊಲಗಳಲ್ಲಿ ಕ್ಯಾನ್ಸರ್ ಆಗಿ ಮಾರ್ಪಡುತ್ತವೆಂಬುದನ್ನು ರೌಸ್ ಮತ್ತು ಬಿಯರ್ಡ್ ಅವರು 1935ರಲ್ಲಿ ತೋರಿಸಿಕೊಟ್ಟರು.

ಈ ವೈರಸ್ಸಿನ ಕುಟುಂಬಕ್ಕೆ ಸೇರಿದ ಮಾನವ ಪ್ಯಾಪಿಲೋಮಾ ವೈರಸ್ ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವೆಂಬುದು ಈಗ ಸ್ಥಾಪಿತವಾಗಿದೆ. ಅದರ ಕಾರ್ಯವಿಧಾನ ಗಮನಾರ್ಹವಾದುದು. ತನ್ನದೇ ಆದ ಸಾಮಗ್ರಿ ಅತ್ಯಲ್ಪವಾಗಿರುವುದರಿಂದ ವೈರಸ್ ಆಶ್ರಯ ನೀಡಿದ ಜೀವಕೋಶದ ಪ್ರೋಟೀನುಗಳನ್ನೇ ಬಳಸಿಕೊಳ್ಳುತ್ತದೆ. ಕೋಶ ವಿಭಜನೆಗೆ ತಡೆಯೊಡ್ಡುವ ಆರ್‌ಬಿ ಎಂಬ ಪ್ರೋಟೀನನ್ನು ವೈರಸ್ಸಿನ ಇ7 ಪ್ರೋಟೀನು ನಿಷ್ಕ್ರಿಯಗೊಳಿಸುತ್ತದೆ. ಕೆಟ್ಟ ಕೋಶವನ್ನು ತಡೆಹಿಡಿಯುವ ಪಿ53 ಎಂಬ ಪ್ರೋಟೀನನ್ನು ಇ6 ಪ್ರೋಟೀನು ಕೋಶದ್ದೇ ಆದ ಮತ್ತೊಂದು ಪ್ರೋಟೀನಿನ ನೆರವಿನಿಂದ ನಾಶಪಡಿಸುತ್ತದೆ. ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಆಕ್ಷೇಪಣೆ ಎತ್ತಬೇಕಾದ ಲೆಕ್ಕಪರಿಶೋಧಕರನ್ನು ಅದೇ ಕಚೇರಿಯ ಸಿಬ್ಬಂದಿಯಿಂದಲೇ ಹೊರಹಾಕಿಸಿದಂತೆ. ಕೋಶ ಎರಡಾಗುವಾಗ ವೈರಸ್ಸಿನ ಡಿಎನ್‌ಎ ಹೊರಗುಳಿದು ನಷ್ಟವಾಗುವ ಸಂಭವವಿದೆ. ಹಸುಗಳ ಪ್ಯಾಪಿಲೋಮಾ ವೈರಸ್ ಇದಕ್ಕೂ ಉಪಾಯ ಕಂಡುಕೊಂಡಿರುವುದು 2004ರಲ್ಲಿ ತಿಳಿದುಬಂದಿತು. ಅದರ ಇ2 ಪ್ರೋಟೀನು ಒಂದು ಬದಿಯಲ್ಲಿ ವೈರಸ್ಸಿನ ಡಿಎನ್‌ಎಯನ್ನೂ, ಇನ್ನೊಂದು ಬದಿಯಲ್ಲಿ ಕ್ರೋಮೋಸೋಮಿಗೆ ಅಂಟಿಕೊಂಡಿರುವ ಬಿಆರ್‌ಡಿ4 ಎಂಬ ಕೋಶದ ಪ್ರೋಟೀನನ್ನೂ ಹಿಡಿದುಕೊಳ್ಳುತ್ತದೆ. ಹೀಗಾಗಿ ಎರಡೂ ಹೊಸ ಕೋಶಗಳಿಗೆ ವೈರಸ್ ತಲುಪುತ್ತದೆ.

ವೈರಸ್ ಸೋಂಕು ಹರಡಬಹುದೇ ಹೊರತು, ರೋಗಿಯನ್ನು ಮುಟ್ಟುವುದರಿಂದ ಅಥವಾ ಆರೈಕೆ ಮಾಡುವುದರಿಂದ ಕ್ಯಾನ್ಸರ್ ಅಂಟುವುದಿಲ್ಲ. ಸೋಂಕು ತಗುಲಿದ ಬಹುತೇಕರಲ್ಲಿ ಅದು ತಾನಾಗಿಯೇ ನಿವಾರಣೆಯಾಗುತ್ತದೆ. ದೀರ್ಘಕಾಲ ಉಳಿದಾಗ ಮಾತ್ರ ಅಪಾಯ. ಇದನ್ನು ತಡೆಗಟ್ಟುವ ಲಸಿಕೆಗೆ 2006ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಲಸಿಕೆ ಪಡೆದವರೂ ವೈದ್ಯರ ಸಲಹೆಯಂತೆ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ರೌಸ್ ಅವರ ಹೆಸರು 1926ರಲ್ಲಿಯೇ ನೊಬೆಲ್ ಪ್ರಶಸ್ತಿಗೆ ಸೂಚಿತವಾಗಿತ್ತು. ಆ ಸಾಲಿನ ಪ್ರಶಸ್ತಿ, ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂದು ಪ್ರತಿಪಾದಿಸಿದ ಫಿಬಿಗರ್ ಅವರಿಗೆ ಸಂದಿತು. ಆ ಪ್ರತಿಪಾದನೆ ಮುಂದೆ ತಪ್ಪೆಂದು ಕಂಡುಬಂದಿತು. ರೌಸ್ ಅವರಿಗೆ ಪ್ರಶಸ್ತಿ ದೊರೆತದ್ದು 1966ರಲ್ಲಿ, ಚಾರ್ಲ್ಸ್ ಹಗಿನ್ಸ್ ಅವರೊಡನೆ, 87ನೆಯ ವಯಸ್ಸಿನಲ್ಲಿ. ಇವರ ಅಳಿಯ ಅಲನ್ ಹಾಜ್‌ಕಿನ್ ಅವರಿಗೆ ಮೂರು ವರ್ಷ ಮೊದಲೇ ಅದೇ ಪ್ರಶಸ್ತಿ ಬಂದಿತ್ತು.

1970ರ ಫೆಬ್ರವರಿ 16ರಂದು ರೌಸ್ ಅವರು ನ್ಯೂಯಾರ್ಕಿನಲ್ಲಿ ನಿಧನರಾದರು. ಕೋಶದ ವಂಶವಾಹಿಯಲ್ಲಿ ಆಗುವ ಬದಲಾವಣೆಯೇ ಕ್ಯಾನ್ಸರಿಗೆ ಮೂಲವೆಂಬ ವಾದವನ್ನು ಅವರು ಕೊನೆಯವರೆಗೂ ಒಪ್ಪಿರಲಿಲ್ಲ. ಆದರೆ ಅವರದೇ ಕೋಳಿ ವೈರಸ್ಸಿನಲ್ಲಿದ್ದ ಸಾರ್ಕ್ ಎಂಬ ವಂಶವಾಹಿ ಮೂಲತಃ ಕೋಳಿಯ ಆರೋಗ್ಯವಂತ ಕೋಶದ್ದೇ ಎಂಬುದನ್ನು 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ಅವರ ತಂಡ ತೋರಿಸಿತು. ಈ ಕಾರ್ಯಕ್ಕಾಗಿ ಅವರಿಬ್ಬರಿಗೂ 1989ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು.