ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದುರುವಿಕೆಯನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಜೀವನದ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

ಆರಂಭಿಕ ಜೀವನ

ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿ, ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಿದರು. 1917ರಲ್ಲಿ ಸರ್ಕಾರಿ ಹುದ್ದೆ ತೊರೆದು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಬೆಳಕಿನ ಆಕರಗಳು ಮತ್ತು ರಾಮನ್ ಪರಿಣಾಮ

ದ್ರವದಲ್ಲಿ ಚದುರಿದ ಬೆಳಕಿನ ಅತ್ಯಲ್ಪ ಭಾಗ ಅಣುಗಳೊಡನೆ ಶಕ್ತಿ ವಿನಿಮಯ ಮಾಡಿಕೊಂಡು ಬಣ್ಣ ಬದಲಿಸುತ್ತದೆ. ಇಷ್ಟು ಕ್ಷೀಣವಾದ ಬೆಳಕನ್ನು ಗುರುತಿಸಲು ಆಕರದ ಆಯ್ಕೆ ನಿರ್ಣಾಯಕವಾಗಿತ್ತು. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಮೊದಲು ದೂರದರ್ಶಕದ ಮಸೂರದಿಂದ ಕೇಂದ್ರೀಕರಿಸಿದ ಬಿಸಿಲನ್ನು ಬಳಸಿದರು. ಬಿಸಿಲು ಪ್ರಖರವಾಗಿದ್ದರೂ ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿರುತ್ತವೆ. ಬಣ್ಣದ ಗಾಜುಗಳಿಂದ ಸೋಸಿದರೂ ಮಸುಕಾದ ಪಟ್ಟಿಯಷ್ಟೇ ಕಾಣುತ್ತಿತ್ತು. ಪಾದರಸದ ಆರ್ಕ್ ದೀಪವು ಕೆಲವೇ ನಿರ್ದಿಷ್ಟ ತರಂಗಾಂತರಗಳನ್ನು ಸೂಸುವುದರಿಂದ, ಹೊಸ ರೇಖೆಗಳು ಪ್ರತ್ಯೇಕವಾಗಿ ಗೋಚರಿಸಿ ಅಳತೆಗೆ ಸಿಕ್ಕವು. ಫೆಬ್ರವರಿ 28, 1928ರಂದು ದೃಢಪಟ್ಟ ಈ ಶೋಧನೆಯನ್ನು ಅವರು ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ನಂತರ ಎಸ್. ಭಗವಂತಂ ಅವರೊಡನೆ ನಡೆಸಿದ ಪ್ರಯೋಗಗಳು ಫೋಟಾನಿಗೆ ಸ್ಪಿನ್ ಇದೆಯೆಂಬುದಕ್ಕೆ ಪುರಾವೆ ಒದಗಿಸಿದವು.

ಬೆಂಗಳೂರಿನ ವರ್ಷಗಳು

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ರಾಮನ್, 1937ರಲ್ಲಿ ಆ ಹುದ್ದೆ ತೊರೆದು 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನೂ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನೂ ಸ್ಥಾಪಿಸಿದರು. 1954ರಲ್ಲಿ ಭಾರತ ರತ್ನ ಪುರಸ್ಕೃತರಾದರು. ಅವರ ಅಂತ್ಯಸಂಸ್ಕಾರ ಸಂಸ್ಥೆಯ ಆವರಣದಲ್ಲೇ ನೆರವೇರಿತು.

ಪರಂಪರೆ

ಪಾದರಸ ದೀಪದಿಂದ ರಾಮನ್ ರೋಹಿತ ಪಡೆಯಲು ಹಲವು ಗಂಟೆಗಳ ಛಾಯಾಗ್ರಹಣ ಬೇಕಾಗುತ್ತಿತ್ತು. 1960ರಲ್ಲಿ ರೂಪುಗೊಂಡ ಲೇಸರ್, ಒಂದೇ ಬಣ್ಣದ ತೀವ್ರ ಕಿರಣವನ್ನು ನೀಡಿ ಈ ತೊಡಕನ್ನು ನಿವಾರಿಸಿತು. ಇಂದು ಔಷಧ, ರತ್ನ ಹಾಗೂ ರಾಸಾಯನಿಕಗಳ ಪರೀಕ್ಷೆಯಲ್ಲಿ ರಾಮನ್ ರೋಹಿತ ಬಳಕೆಯಲ್ಲಿದೆ. ಆದರೆ ಲೇಸರ್ ಕಿರಣದಲ್ಲಿ ಫೋಟಾನುಗಳ ಸಂಖ್ಯೆ ನಿಶ್ಚಿತವಲ್ಲ. ಆದ್ದರಿಂದ ಕ್ವಾಂಟಮ್ ದ್ಯುತಿವಿಜ್ಞಾನದಲ್ಲಿ, ವಿಶೇಷ ಸ್ಫಟಿಕಗಳ ಮೇಲೆ ಲೇಸರ್ ಹಾಯಿಸಿ ಜೋಡಿ ಫೋಟಾನುಗಳನ್ನು ಪಡೆಯುತ್ತಾರೆ. ಒಂದರ ಪತ್ತೆಯು ಇನ್ನೊಂದರ ಇರವನ್ನು ತಿಳಿಸುತ್ತದೆ. ರಾಮನ್ ಸ್ಥಾಪಿಸಿದ ಸಂಸ್ಥೆಯಲ್ಲೂ ಇಂತಹ ಪ್ರಯೋಗಗಳು ನಡೆಯುತ್ತಿವೆ. ಫೆಬ್ರವರಿ 28ನ್ನು ಭಾರತದಲ್ಲಿ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತದೆ.